ನಡೆಯದ ವಿಚಾರಣೆಗೂ ಶುಲ್ಕವೇ? ಉತ್ತರ ಕನ್ನಡದ ವಕೀಲರ ಸಂಘಗಳಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯ ಎಲ್ಲ ತಾಲೂಕುಗಳ ವಕೀಲರ ಸಂಘಗಳ ಅಧ್ಯಕ್ಷರು, ಪದಾಧಿಕಾರಿಗಳು ಮತ್ತು ಸದಸ್ಯರಿಗೆ,

ವಿಷಯ: ವಿಚಾರಣೆ ಮುಂದಕ್ಕೆ ಹೋದ ದಿನಗಳಲ್ಲಿ ಕಕ್ಷಿದಾರರಿಂದ ಪಡೆಯುವ ಶುಲ್ಕದ ಬಗ್ಗೆ.

ಮಾನ್ಯರೇ,

ನ್ಯಾಯಾಲಯದಲ್ಲಿ ಪ್ರಕರಣದ ನಂಬರು ಕೂಗುತ್ತಾರೆ, ಏನೂ ನಡೆಯುವುದಿಲ್ಲ, ಮುಂದಿನ ತಾರೀಕು ಬೀಳುತ್ತದೆ. ಆದರೆ ಆ ದಿನದ ಶುಲ್ಕವನ್ನು ಮಾತ್ರ ಕಕ್ಷಿದಾರ ಕೊಟ್ಟೇ ಮನೆಗೆ ಹೋಗಬೇಕು. ಈ ರೂಢಿ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆ ಎಂದರೆ, ಅದರ ಬಗ್ಗೆ ಬಾಯಿ ತೆರೆದರೆ ವಕೀಲರಿಗೆ ಅಗೌರವ ತೋರಿದಂತಾಯಿತು ಎಂದು ಕಕ್ಷಿದಾರರೇ ಅಂಜುತ್ತಾರೆ. ಅಗೌರವ ತೋರುವ ಉದ್ದೇಶ ನನಗಿಲ್ಲ. ನಮ್ಮ ಜಿಲ್ಲೆಯ ರೈತರಿಗೆ, ಮೀನುಗಾರರಿಗೆ, ಯೋಜನೆಗಳಿಗಾಗಿ ಜಮೀನು ಕಳೆದುಕೊಂಡವರಿಗೆ ಪರಿಹಾರ ಕೊಡಿಸಲು ಹೋರಾಡಿದ ವಕೀಲರ ಪರಂಪರೆಯೂ ಇಲ್ಲಿಯದೇ ಎಂಬುದನ್ನು ಬಲ್ಲೆ. ಆದ್ದರಿಂದಲೇ ಈ ಮಾತನ್ನು ಮೊದಲು ತಮ್ಮ ಮುಂದೆಯೇ ಇಡುತ್ತಿದ್ದೇನೆ.

ನಾನು ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ. ನಮ್ಮ ಕುಟುಂಬದ ತೋಟ ಮತ್ತು ಅದಕ್ಕೆ ಸೇರಿದ ಬೆಟ್ಟದ ಪಾಲಿನ ದಾವೆ ಹಲವು ವರ್ಷಗಳಿಂದ ನಡೆದಿದೆ. ಊರಿನವರು ನೋಟೀಸು, ಆದೇಶದ ನಕಲು ಹಿಡಿದು ಓದಿಸಿಕೊಳ್ಳಲು ನನ್ನ ಬಳಿ ಬರುವುದರಿಂದ, ಅವರ ಜೊತೆಗೂ ಘಟ್ಟದ ಮೇಲಿನ ಮತ್ತು ಕೆಳಗಿನ ಕೆಲವು ನ್ಯಾಯಾಲಯಗಳಿಗೆ ಹೋಗಿ ಬಂದಿದ್ದೇನೆ. ಕೆಳಗೆ ಬರೆದದ್ದು ಹಾಗೆ ಕಂಡದ್ದು. ಯಾವ ನ್ಯಾಯಾಲಯ, ಯಾವ ವಕೀಲರು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಒಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಉಳಿದವರೆಲ್ಲ ಅದು ತಮಗೆ ಸಂಬಂಧವಿಲ್ಲದ ವಿಷಯವೆಂದು ಎದ್ದು ಹೋಗುತ್ತಾರೆ.

ಪ್ರಕರಣ ಮುಂದಕ್ಕೆ ಹೋಗಲು ಕಾರಣಗಳು ಹತ್ತಾರು ಇರುತ್ತವೆ. ನ್ಯಾಯಾಧೀಶರು ರಜೆಯ ಮೇಲಿರುತ್ತಾರೆ, ಅಥವಾ ವರ್ಗವಾಗಿ ಹೋಗಿ ಇನ್ನೊಂದು ತಾಲೂಕಿನವರು ಇನ್‌ಚಾರ್ಜ್ ಇರುತ್ತಾರೆ. ಸ್ಥಳ ನೋಡಿ ಬರಲು ನ್ಯಾಯಾಲಯ ನೇಮಿಸಿದ ಕೋರ್ಟ್ ಕಮಿಷನರರ ವರದಿ ಬಂದಿರುವುದಿಲ್ಲ. ಸಾಕ್ಷಿದಾರನಿಗೆ ಸಮನ್ಸ್ ಮುಟ್ಟಿರುವುದಿಲ್ಲ. ಎದುರು ಪಕ್ಷದ ವಕೀಲರು ಕಾಲಾವಕಾಶ ಕೇಳುತ್ತಾರೆ, ಕೆಲವೊಮ್ಮೆ ನಮ್ಮ ವಕೀಲರೇ ಕೇಳುತ್ತಾರೆ. ಇವುಗಳಲ್ಲಿ ಕೆಲವು ಯಾರ ಕೈಯಲ್ಲೂ ಇಲ್ಲದ ಕಾರಣಗಳು, ಇನ್ನು ಕೆಲವು ಒಬ್ಬರ ಅನುಕೂಲಕ್ಕಾಗಿ ಹುಟ್ಟಿದ ಕಾರಣಗಳು. ನ್ಯಾಯಾಲಯದ ದಾಖಲೆಯಲ್ಲಿ ಇವುಗಳ ನಡುವೆ ವ್ಯತ್ಯಾಸವಿದೆ. ಕಕ್ಷಿದಾರನ ಜೇಬಿನಲ್ಲಿ ಇಲ್ಲ. ಯಾವ ಕಾರಣಕ್ಕೆ ತಾರೀಕು ಬಿದ್ದರೂ ಅವನು ಕೊಡುವುದು ಅಷ್ಟೇ ಹಣ.

ಒಂದು ಪ್ರಸಂಗವನ್ನು ವಿವರವಾಗಿ ಹೇಳಬೇಕು. ಕರಾವಳಿಯ ಒಂದು ನ್ಯಾಯಾಲಯದಲ್ಲಿ ಮೀನು ಮಾರಿ ಜೀವನ ಮಾಡುವ ಹೆಂಗಸೊಬ್ಬರು ಗಂಡನಿಂದ ಜೀವನಾಂಶ ಕೋರಿ ಅರ್ಜಿ ಹಾಕಿದ್ದರು. ಆ ದಿನ ನ್ಯಾಯಾಧೀಶರು ರಜೆ ಎಂಬ ಚೀಟಿಯನ್ನು ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸಿದ್ದರು. ಅದನ್ನು ಓದಲು ಬಾರದ ಅವರು ಬುಟ್ಟಿಯನ್ನು ಕಂಪೌಂಡಿನ ಹೊರಗೆ ಯಾರದೋ ಅಂಗಡಿಯಲ್ಲಿಟ್ಟು ಬಂದು ಮಧ್ಯಾಹ್ನದವರೆಗೂ ಜಗಲಿಯಲ್ಲಿ ಕುಳಿತಿದ್ದರು. ಕೊನೆಗೆ ವಕೀಲರ ಗುಮಾಸ್ತರು ಬಂದು, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಮುಂದಿನ ತಾರೀಕು ಬರೆದು ಕೊಟ್ಟು, ‘ಐದುನೂರು ಕೊಡಿ ಬಾಯಿ, ಸಾಹೇಬರು ಬೇರೆ ಕೋರ್ಟಿನಲ್ಲಿದ್ದಾರೆ’ ಎಂದರು. ಅವರು ಸೆರಗಿನ ಗಂಟು ಬಿಚ್ಚಿ, ನೂರು ಮತ್ತು ಐವತ್ತರ ನೋಟುಗಳನ್ನು ಎಣಿಸಿ, ಅರವತ್ತು ರೂಪಾಯಿ ಕಡಿಮೆ ಬಿದ್ದಾಗ ಮುಂದಿನ ಸಲ ಸೇರಿಸಿ ಕೊಡುತ್ತೇನೆಂದು ಬೇಡಿಕೊಂಡರು. ಗುಮಾಸ್ತರು ಕೆಟ್ಟವರಲ್ಲ, ಆಯಿತು ಎಂದು ಒಪ್ಪಿದರು. ಆ ಹಣಕ್ಕೆ ರಸೀದಿ ಇರಲಿಲ್ಲ. ವಕೀಲರು ಆ ದಿನ ಆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಐದುನೂರಕ್ಕಿಂತಲೂ ಇನ್ನೊಂದು ವಿಷಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಕಾರ್ಖಾನೆಯ ಕಾರ್ಮಿಕರಿಗೂ ಇದೆ. ತಾಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುವುದು ನ್ಯಾಯಾಲಯದ ಆವರಣದಲ್ಲಿಯೇ. ಆ ಹೆಂಗಸಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನು ಹೇಳಿದಾಗ, ‘ಈಗ ವಕೀಲರನ್ನು ಬಿಟ್ಟರೆ ಸಿಟ್ಟಾಗುತ್ತಾರೆ’ ಎಂದು ಹೆದರಿದರು.

ತಮ್ಮ ಕಡೆಯ ಮಾತನ್ನೂ ನಾನು ಬಲ್ಲೆ, ಅದನ್ನು ಮರೆಮಾಚಿ ದೂರು ಬರೆಯುವುದು ನ್ಯಾಯವಾಗುವುದಿಲ್ಲ. ವಿಚಾರಣೆ ನಡೆಯಲಿ ಬಿಡಲಿ, ವಕೀಲರು ಹಿಂದಿನ ರಾತ್ರಿ ಫೈಲು ಓದಿರುತ್ತಾರೆ, ಪಾಟೀ ಸವಾಲಿಗೆ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿರುತ್ತಾರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ತಮ್ಮ ಪ್ರಕರಣದ ಸರದಿ ಕಾದಿರುತ್ತಾರೆ. ನಾಲ್ಕೂವರೆಗೆ ನ್ಯಾಯಾಧೀಶರು ‘ಸಮಯವಿಲ್ಲ, ಮುಂದಕ್ಕೆ’ ಎಂದರೆ ಅದು ವಕೀಲರ ತಪ್ಪಲ್ಲ. ಹೊಸದಾಗಿ ಸನದು ಪಡೆದ ಹುಡುಗ ಹುಡುಗಿಯರು ಹಿರಿಯರ ಕಚೇರಿಯಲ್ಲಿ ಬಸ್ಸಿನ ಖರ್ಚಿಗೂ ಸಾಲದ ಹಣಕ್ಕೆ ದುಡಿಯುವುದನ್ನು ಕಂಡಿದ್ದೇನೆ. ದಾವೆ ಮುಗಿದ ಮೇಲೆ ಬಾಕಿ ಹಣ ಕೊಡದೆ ಮುಖ ತಪ್ಪಿಸುವ ಕಕ್ಷಿದಾರರೂ ನಮ್ಮ ನಡುವೆ ಸಾಕಷ್ಟು ಇದ್ದಾರೆ. ತಾರೀಕಿಗೆ ಇಷ್ಟು ಎಂದು ಕೈಯಲ್ಲೇ ವಸೂಲು ಮಾಡುವ ಪದ್ಧತಿ ಬೆಳೆದದ್ದು ಅವರಿಂದಲೂ ಹೌದು. ಹಾಗಾಗಿ, ವಿಚಾರಣೆ ನಡೆಯದ ದಿನಕ್ಕೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ ಎಂಬುದು ನನ್ನ ವಾದವಲ್ಲ. ಸಿದ್ಧವಾಗಿ ಬಂದು, ಹಾಜರಿದ್ದು, ತನ್ನ ಕೈಮೀರಿದ ಕಾರಣಕ್ಕೆ ಕೆಲಸ ನಡೆಯದೆ ಹೋದ ವಕೀಲರಿಗೆ ಶುಲ್ಕ ಸಲ್ಲಲೇಬೇಕು. ಹಾಜರಿರದ, ಅಥವಾ ತಾವೇ ಕಾಲಾವಕಾಶ ಕೇಳಿದ ವಕೀಲರಿಗೆ ಅದೇ ಶುಲ್ಕ ಏಕೆ ಸಲ್ಲಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಕಾನೂನು ಈ ಎರಡರ ನಡುವೆ ಗೆರೆ ಎಳೆದೇ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ 1ನೇ ನಿಯಮಕ್ಕೆ ತಂದ, 2002ರ ಜುಲೈ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ, ದಾವೆಯ ವಿಚಾರಣೆಯ ಅವಧಿಯಲ್ಲಿ ಒಂದು ಪಕ್ಷಕ್ಕೆ 3ಕ್ಕಿಂತ ಹೆಚ್ಚು ಬಾರಿ ಮುಂದೂಡಿಕೆ ಕೊಡುವಂತಿಲ್ಲ. ಮುಂದೂಡಿದಾಗಲೆಲ್ಲ ಅದರಿಂದ ಆದ ಖರ್ಚಿನ ಬಗ್ಗೆ ನ್ಯಾಯಾಲಯ ಆದೇಶ ಮಾಡಬೇಕು. ವಕೀಲರು ಇನ್ನೊಂದು ನ್ಯಾಯಾಲಯದಲ್ಲಿ ಕೆಲಸದಲ್ಲಿದ್ದಾರೆ ಎಂಬುದು ಮುಂದೂಡಲು ಕಾರಣವಾಗುವುದಿಲ್ಲ. ಕೈಮೀರಿದ ಸಂದರ್ಭಗಳಲ್ಲಿ 3ರ ಮಿತಿಯನ್ನು ಸಡಿಲಿಸಬಹುದೆಂದು ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು, ಆದರೆ ಆ ನಿಯಮವನ್ನು ತೆಗೆದುಹಾಕಲಿಲ್ಲ. ಕ್ರಿಮಿನಲ್ ಪ್ರಕರಣಗಳಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮು ಇನ್ನೂ ಬಿಗಿಯಾಗಿದೆ. ಅಲ್ಲಿ ಮಿತಿ 2. ‘ಸಾಹೇಬರು ಬೇರೆ ಕೋರ್ಟಿನಲ್ಲಿದ್ದಾರೆ’ ಎಂಬ ಮಾತು ಮುಂದೂಡಲು ಕಾರಣವೇ ಅಲ್ಲ ಎಂದು ಶಾಸನ ಹೇಳುವಾಗ, ಶುಲ್ಕ ಕೇಳಲು ಅದು ಕಾರಣವಾಗುವುದು ಹೇಗೆ?

ಖರ್ಚಿನ ಆದೇಶದ ಕಥೆ ಇದಕ್ಕಿಂತ ವಿಚಿತ್ರ. ನಮ್ಮದೇ ದಾವೆಯಲ್ಲಿ ಒಮ್ಮೆ ಎದುರು ಪಕ್ಷದ ಸಾಕ್ಷಿದಾರರು ಪಾಟೀ ಸವಾಲಿಗೆ ಸಿದ್ಧರಾಗಿ ಬಂದು ನಿಂತಿದ್ದರು. ನಮ್ಮ ವಕೀಲರು ಬಂದಿರಲಿಲ್ಲ; ಅವರ ಕಿರಿಯರು ಎದ್ದು ಕಾಲಾವಕಾಶ ಕೋರಿದರು. ನ್ಯಾಯಾಧೀಶರು ಅಸಮಾಧಾನದಿಂದಲೇ 300 ರೂಪಾಯಿ ಖರ್ಚು ವಿಧಿಸಿ ತಾರೀಕು ಕೊಟ್ಟರು. ಆ 300 ರೂಪಾಯಿಯನ್ನು ನನ್ನಿಂದ ಪಡೆದು ಕಟ್ಟಲಾಯಿತು, ಆ ದಿನದ ಶುಲ್ಕವನ್ನೂ ನನ್ನಿಂದಲೇ ಪಡೆಯಲಾಯಿತು. ಬಾರದೆ ಇದ್ದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು, ದಂಡದ ಮೇಲೆ ಕೂಲಿ ಕೊಟ್ಟವರೂ ಅವರೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಬಿ ಕಲಮು ಖರ್ಚು ಕಟ್ಟದ ಪಕ್ಷ ತನ್ನ ವಾದವನ್ನು ಮುಂದುವರಿಸುವಂತಿಲ್ಲ ಎನ್ನುತ್ತದೆ. ಅಂದರೆ ನಾನು ಕೊಡುವುದಿಲ್ಲ ಎಂದು ಕುಳಿತರೆ ನಷ್ಟ ನನ್ನ ದಾವೆಗೇ ಹೊರತು ವಕೀಲರಿಗಲ್ಲ. ಈ ಕುಣಿಕೆಯ ಅರಿವು ಇರುವುದರಿಂದಲೇ ಯಾವ ಕಕ್ಷಿದಾರನೂ ಮಾತಾಡುವುದಿಲ್ಲ.

ಪ್ರಯಾಣದ ಖರ್ಚಿನ ಬಗ್ಗೆಯೂ ಎರಡು ಮಾತು. ನಮ್ಮ ಜಿಲ್ಲೆಯ ಭೂಗೋಳವೇ ಹಾಗಿದೆ. ಜಿಲ್ಲಾ ನ್ಯಾಯಾಲಯ ಕಾರವಾರದಲ್ಲಿ, ಹೈಕೋರ್ಟಿನ ಪೀಠ ಧಾರವಾಡದಲ್ಲಿ, ನಡುವೆ ಘಟ್ಟ, ಹೊಳೆ, ಮಳೆಗಾಲ. ವಕೀಲರು ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ ಕಾರಿನ ಖರ್ಚು ಕೇಳುವುದು ಸಹಜ. ಆದರೆ ಒಂದೇ ಕಾರಿನಲ್ಲಿ, ಒಂದೇ ದಿನ, ಒಂದೇ ನ್ಯಾಯಾಲಯಕ್ಕೆ ನಾಲ್ಕು ಪ್ರಕರಣಗಳಿಗಾಗಿ ಹೋದವರು ನಾಲ್ವರು ಕಕ್ಷಿದಾರರಿಂದಲೂ ಪೂರ್ತಿ ಖರ್ಚು ಪಡೆಯುವುದು, ಆ ನಾಲ್ಕೂ ಪ್ರಕರಣಗಳಿಗೆ ಬರೀ ತಾರೀಕು ಬಿದ್ದಾಗಲೂ ಪಡೆಯುವುದು ಸಹಜವಲ್ಲ. ನಾವು ನಾಲ್ವರು ಒಂದೇ ಬಸ್ಸಿನಲ್ಲಿ ವಾಪಸು ಬರುವಾಗ ಪರಸ್ಪರ ಕೇಳಿ ತಿಳಿದ ಲೆಕ್ಕ ಇದು.

ಬೇರೆ ರೀತಿ ನಡೆದುಕೊಳ್ಳಲು ಸಾಧ್ಯವಿದೆ ಎಂಬುದಕ್ಕೂ ಉದಾಹರಣೆ ಇದೆ, ಅದನ್ನು ಹೇಳಲು ನನಗೆ ಸಂತೋಷ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಕುಮಟಾ ಕಡೆಯಿಂದ ಕಾರವಾರಕ್ಕೆ ಹೋಗುವ ನೇರ ದಾರಿಯೇ ಇಲ್ಲವಾಯಿತು. ಆ ವಾರ ಕಾರವಾರದಲ್ಲಿ ತಾರೀಕಿದ್ದ ನನ್ನ ಸಂಬಂಧಿಕರೊಬ್ಬರಿಗೆ ಅವರ ವಕೀಲರು ಹಿಂದಿನ ದಿನ ಸಂಜೆಯೇ ಫೋನ್ ಮಾಡಿ, ‘ನೀವು ಸುತ್ತು ಹಾಕಿ ಬರುವ ಸಾಹಸ ಮಾಡಬೇಡಿ, ನಾನು ಇಲ್ಲಿಯೇ ಇದ್ದೇನೆ, ಮೆಮೊ ಹಾಕಿ ತಾರೀಕು ತೆಗೆದುಕೊಳ್ಳುತ್ತೇನೆ’ ಎಂದರು. ಹಣದ ಮಾತು ಎತ್ತಲಿಲ್ಲ. ಸಂಬಂಧಿಕರೇ ಮುಂದಿನ ಸಲ ಕೊಡಲು ಹೋದಾಗ, ಅದೊಂದು ಕಾಗದ ಕೊಟ್ಟದ್ದಕ್ಕೆ ಏನು ಶುಲ್ಕ ಎಂದು ನಕ್ಕು ಬಿಟ್ಟರಂತೆ. ಇಂಥವರು ನಿಮ್ಮ ಸಂಘಗಳಲ್ಲಿ ಅನೇಕರಿದ್ದಾರೆ. ಆದರೆ ಒಬ್ಬ ಕಕ್ಷಿದಾರನಿಗೆ ಎಂಥ ವಕೀಲರು ಸಿಗುತ್ತಾರೆ ಎಂಬುದು ಅವನ ಅದೃಷ್ಟಕ್ಕೆ ಬಿಟ್ಟ ವಿಷಯವಾಗಿರಬಾರದು.

ಅನ್ಯಾಯವಾದರೆ ದೂರು ಕೊಡಬಹುದಲ್ಲ ಎಂದು ತಾವು ಹೇಳಬಹುದು. ಎಲ್ಲಿ ಕೊಡುವುದು? ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2024ರ ಮೇ 14ರಂದು ತೀರ್ಪು ಕೊಟ್ಟ ಮೇಲೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚಿದೆ. ಆ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ವಕೀಲಿ ವೃತ್ತಿ ಅಂಗಡಿ ವ್ಯಾಪಾರವಲ್ಲ ಎಂಬುದು ಒಪ್ಪುವ ಮಾತೇ. 1961ರ ವಕೀಲರ ಕಾಯ್ದೆಯ 35ನೇ ಕಲಮಿನಂತೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಸಲ್ಲಿಸುವ ದಾರಿ ತೆರೆದಿದೆ. ಆದರೆ 500 ರೂಪಾಯಿಗಾಗಿ ಬೆಂಗಳೂರಿಗೆ ದೂರು ಬರೆದು, ಅದೇ ವಕೀಲರ ಕೈಯಲ್ಲಿ ತನ್ನ ಪ್ರಕರಣ ಬಿಟ್ಟು ಕುಳಿತುಕೊಳ್ಳುವ ಧೈರ್ಯ ಯಾರಿಗಿದೆ? ವಕೀಲರನ್ನು ಬದಲಿಸೋಣವೆಂದರೆ ‘ಬಾಕಿ ತೀರಿಸಿ, ಆಮೇಲೆ ಫೈಲು’ ಎನ್ನುತ್ತಾರೆ. ಶುಲ್ಕ ಬಾಕಿಯಿದೆ ಎಂದು ಕಕ್ಷಿದಾರನ ಕಾಗದಪತ್ರಗಳನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲಿಯೇ ತೀರ್ಪಾಗಿದೆ ಎಂಬುದು ಹಳ್ಳಿಯ ಕಕ್ಷಿದಾರನಿಗೆ ಗೊತ್ತಿಲ್ಲ. ಗೊತ್ತಿರುವ ಕೆಲವು ವಕೀಲರಿಗೂ ಆ ಹೊತ್ತಿಗೆ ಅದು ನೆನಪಾಗುವುದಿಲ್ಲ.

ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿಯೇ ಬೇಕಾದಷ್ಟಿದೆ. ಕಕ್ಷಿದಾರನಿಂದ ಬಂದ ಹಣ, ಅವನಿಗಾಗಿ ಮಾಡಿದ ಖರ್ಚು, ಶುಲ್ಕವೆಂದು ಕಳೆದುಕೊಂಡ ಮೊತ್ತ ಎಲ್ಲವನ್ನೂ ತಾರೀಕುವಾರು ಲೆಕ್ಕ ಇಡಬೇಕೆಂದು 25ನೇ ನಿಯಮ ಹೇಳುತ್ತದೆ. ಬಂದ ಹಣ ಶುಲ್ಕಕ್ಕೋ ಖರ್ಚಿಗೋ ಎಂದು ನಮೂದಿಸಬೇಕು, ಖರ್ಚಿಗೆ ಕೊಟ್ಟದ್ದನ್ನು ಪ್ರಕರಣ ನಡೆಯುತ್ತಿರುವಾಗ ಕಕ್ಷಿದಾರನ ಲಿಖಿತ ಒಪ್ಪಿಗೆಯಿಲ್ಲದೆ ಶುಲ್ಕಕ್ಕೆ ತಿರುಗಿಸುವಂತಿಲ್ಲ ಎಂದು 26ನೇ ನಿಯಮ. ಕಕ್ಷಿದಾರ ಕೇಳಿದರೆ ನಕಲಿನ ವೆಚ್ಚ ಪಡೆದು ಆ ಲೆಕ್ಕದ ಪ್ರತಿ ಕೊಡಬೇಕು ಎಂದು 30ನೇ ನಿಯಮ. ಕ್ಯಾಲೆಂಡರಿನ ಹಿಂಬದಿ ಲೆಕ್ಕದ ಪುಸ್ತಕವಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ವಕಾಲತ್ತಿಗೆ ಸಹಿ ಮಾಡಿಸಿಕೊಳ್ಳುವ ದಿನವೇ ಶುಲ್ಕದ ಒಪ್ಪಂದವನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಬರೆದು ಒಂದು ಪ್ರತಿಯನ್ನು ಕಕ್ಷಿದಾರನಿಗೆ ಕೊಡುವ ಪದ್ಧತಿಯನ್ನು ಸಂಘಗಳು ಜಾರಿಗೆ ತರಬೇಕು. ಆ ಶುಲ್ಕ ತಾರೀಕಿನ ಲೆಕ್ಕದಲ್ಲಿರದೆ ಕೆಲಸದ ಹಂತಗಳ ಲೆಕ್ಕದಲ್ಲಿದ್ದರೆ ಒಳ್ಳೆಯದು: ದಾವೆ ಅಥವಾ ಕೈಫಿಯತ್ತು (ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ) ಸಲ್ಲಿಸಲು ಇಷ್ಟು, ಸಾಕ್ಷ್ಯಕ್ಕೆ ಇಷ್ಟು, ವಾದಕ್ಕೆ ಇಷ್ಟು ಎಂದು. ಹಾಗಾದರೆ ಪ್ರಕರಣ ಬೇಗ ಮುಗಿಯುವುದು ವಕೀಲರಿಗೂ ಲಾಭವೇ ಆಗುತ್ತದೆ. ಈಗಿರುವಂತೆ ಪ್ರತಿ ಮುಂದೂಡಿಕೆಯೂ ಒಂದು ಸಂಪಾದನೆ ಎಂಬ ಅನುಮಾನಕ್ಕೆ ಎಡೆ ಇರುವುದಿಲ್ಲ. ಅನುಮಾನ ಎಂದೆ, ಆರೋಪ ಎಂದಿಲ್ಲ. ತಾರೀಕಿನ ಲೆಕ್ಕವೇ ಬೇಕು ಎನ್ನುವವರು, ತಾವೇ ಕಾಲಾವಕಾಶ ಕೇಳಿದ ದಿನಕ್ಕೆ, ತಾವು ಹಾಜರಿಲ್ಲದ ದಿನಕ್ಕೆ ಮತ್ತು ಕಲಾಪ ಬಹಿಷ್ಕರಿಸಿದ ದಿನಕ್ಕೆ ಶುಲ್ಕ ಪಡೆಯುವುದಿಲ್ಲ ಎಂದು ಅದೇ ಪುಟದಲ್ಲಿ ಬರೆದುಕೊಡಲಿ. ಕಲಾಪ ಬಹಿಷ್ಕಾರದ ಹಕ್ಕು ವಕೀಲರಿಗಿಲ್ಲ ಎಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದನ್ನು ಇಲ್ಲಿ ಚರ್ಚಿಸಲು ಹೋಗುವುದಿಲ್ಲ. ಬಹಿಷ್ಕಾರ ಮಾಡಿದ ದಿನದ ಕೂಲಿಯನ್ನು ಕಕ್ಷಿದಾರನಿಂದ ಪಡೆಯಬಾರದು ಎಂದು ಒಪ್ಪಿಕೊಂಡರೆ ನನಗೆ ಸಾಕು.

ವಕೀಲರ ಗೈರುಹಾಜರಿಯಿಂದ ವಿಧಿಸಿದ ಖರ್ಚನ್ನು ವಕೀಲರೇ ಭರಿಸಬೇಕು. ಪ್ರಯಾಣದ ಖರ್ಚನ್ನು ಆ ದಿನದ ಪ್ರಕರಣಗಳಿಗೆ ಹಂಚಿ ಪಡೆಯಬೇಕು. ಗುಮಾಸ್ತರು ಪಡೆಯುವ ಹಣಕ್ಕೂ ರಸೀದಿ ಇರಬೇಕು.

ಇನ್ನೊಂದು ಕೋರಿಕೆಗೆ ಹಣವೇ ಬೇಕಿಲ್ಲ. ನ್ಯಾಯಾಧೀಶರು ರಜೆಯೆಂಬುದು ಅನೇಕ ಸಲ ವಕೀಲರಿಗೆ ಹಿಂದಿನ ಸಂಜೆಯೇ ತಿಳಿದಿರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಹಿಂದಿನ ತಾರೀಕುಗಳಂದು ಏನು ನಡೆಯಿತು, ಮುಂದಿನ ತಾರೀಕು ಯಾವುದು, ಯಾವ ಹಂತಕ್ಕೆ ಇಟ್ಟಿದ್ದಾರೆ ಎಂಬುದೆಲ್ಲ ಕಾಣುತ್ತದೆ. ಆದರೆ ನಾಳೆ ಸಾಕ್ಷ್ಯ ನಡೆಯುವುದೋ ಬರೀ ತಾರೀಕು ಬೀಳುವುದೋ ಎಂಬ ಅಂದಾಜು ವಕೀಲರ ಕಚೇರಿಗೆ ಮಾತ್ರ ಇರುತ್ತದೆ. ಕಕ್ಷಿದಾರ ಬರುವ ಅಗತ್ಯವಿಲ್ಲದ ದಿನ, ‘ನಾಳೆ ಬರಬೇಡಿ’ ಎಂದು ಸಂಜೆ ಐದಕ್ಕೆ ಒಂದು ಮೆಸೇಜು ಹೋದರೆ, ಅಡಿಕೆಯ ಕೊನೆಗೊಯ್ಲಿನ ಕಾಲದಲ್ಲಿ ಒಬ್ಬ ರೈತನ ಒಂದು ದಿನ ಉಳಿಯುತ್ತದೆ, ಕೂಲಿಯವನ ಒಂದು ದಿನದ ಸಂಬಳ ಉಳಿಯುತ್ತದೆ. ದೇವಿಮನೆ ಘಟ್ಟದ ರಸ್ತೆ ಕೆಲಸ ನಡೆದ ದಿನಗಳಲ್ಲಿ ಶಿರಸಿಯಿಂದ ಕುಮಟಾಕ್ಕೆ ಸುತ್ತುದಾರಿಯಲ್ಲಿ ಹೋಗಿ ಬರೀ ತಾರೀಕು ಪಡೆದು ಬಂದವರಿಗೆ ಆ ಒಂದು ಮೆಸೇಜಿನ ಬೆಲೆ ಗೊತ್ತು. ಹಾಗೆಯೇ, ಆ್ಯಪ್‌ನಲ್ಲಿ ಕಾಲಾವಕಾಶ ಕೇಳಿದವರು ಯಾರೆಂಬುದು ದಾಖಲಾಗಿದ್ದರೆ ಅದನ್ನು ತೋರಿಸಿ ಕೇಳುವ ಕಕ್ಷಿದಾರನ ಮೇಲೆ ದಯವಿಟ್ಟು ಮುನಿಸಿಕೊಳ್ಳಬೇಡಿ. ಅವನು ಓದಲು ಕಲಿತಿದ್ದಾನೆ, ಅಷ್ಟೇ.

ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಈ ಪತ್ರದ ಪ್ರತಿ ಕಳುಹಿಸುತ್ತಿದ್ದೇನೆ. ಪ್ರತಿ ನ್ಯಾಯಾಲಯದ ಜಗಲಿಯಲ್ಲಿ, ಉಚಿತ ನೆರವಿಗೆ ಯಾರು ಅರ್ಹರು, ಹಣದ ಲೆಕ್ಕ ಕೇಳುವ ಹಕ್ಕು ಕಕ್ಷಿದಾರನಿಗೆ ಯಾವ ನಿಯಮದಡಿ ಇದೆ, ಫೈಲು ಹಿಡಿದಿಡುವಂತಿಲ್ಲ ಎಂಬ ಮೂರು ವಿಷಯಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಹಾಕಬೇಕೆಂದೂ, ಓದಲು ಬಾರದವರಿಗೆ ಪ್ಯಾರಾ ಲೀಗಲ್ ಸ್ವಯಂಸೇವಕರು ಬಾಯಲ್ಲಿ ಹೇಳಬೇಕೆಂದೂ ಅವರನ್ನು ಕೋರುತ್ತೇನೆ. ನ್ಯಾಯಾಧೀಶರ ರಜೆಯ ಚೀಟಿಯನ್ನು ಬೆಳಿಗ್ಗೆ ಒಬ್ಬರು ಗಟ್ಟಿಯಾಗಿ ಓದಿ ಹೇಳಿದರೂ ಎಷ್ಟೋ ಜನರ ಮಧ್ಯಾಹ್ನ ಉಳಿಯುತ್ತದೆ.

ಈ ವಿಷಯವನ್ನು ತಮ್ಮ ಮುಂದಿನ ಸರ್ವಸಾಧಾರಣ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ಚರ್ಚಿಸಬೇಕೆಂದು ಪ್ರತಿ ತಾಲೂಕಿನ ಸಂಘವನ್ನೂ ವಿನಂತಿಸುತ್ತೇನೆ. ಒಪ್ಪಿದರೆ ಒಪ್ಪಿದ ಅಂಶಗಳನ್ನು, ಒಪ್ಪದಿದ್ದರೆ ಅದರ ಕಾರಣಗಳನ್ನು ಸಂಘದ ಸೂಚನಾ ಫಲಕದಲ್ಲಿ ಕಕ್ಷಿದಾರರಿಗೂ ಕಾಣುವಂತೆ ಹಾಕಬೇಕು. ಎರಡನ್ನೂ ಓದಲು ನಾವು ಸಿದ್ಧರಿದ್ದೇವೆ.

ಇತಿ,
ಗೌರವಪೂರ್ವಕವಾಗಿ,
ಶಿರಸಿ ತಾಲೂಕಿನ ಒಬ್ಬ ಕಕ್ಷಿದಾರ